ಕೂಲಿಯೂ ಕೊಡಗೆಯೂ



ಇಂದಿನ ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ, ಭಕ್ತರು ಕೊಟ್ಟದ್ದು. ಹದಡಿಯ ಸುತ್ತಮುತ್ತಲಿನ ಅಕ್ಕಿ ಗಿರಣಿಯವರು, ದಾವಣಗೆರೆ ಪೇಟೆಯ ಅಂಗಡಿಯವರು ಕೆಲವರು ಮಠಕ್ಕೆ ಬಂದು, "ಬುದ್ಧಿ, ಆಳುಗಳು ನಿಲ್ಲುತ್ತಿಲ್ಲ. ಕೈತುಂಬ ಕೊಟ್ಟರೂ ಮನಸ್ಸಿಟ್ಟು ದುಡಿಯುವವರಿಲ್ಲ. ಅವರಿಗೆ ಹುರುಪು ಬರುವ ಹಾಗೆ ಕಾಯಕದ ಮಹಿಮೆಯನ್ನು ತಾವು ನಾಲ್ಕು ಮಾತಿನಲ್ಲಿ ಹೇಳಬೇಕು" ಎಂದು ಕೇಳಿಕೊಂಡರು. ಕಾಯಕದ ಮಹಿಮೆ ಹೇಳುವುದು ಮಠದ ಕೆಲಸವೇ ಸರಿ. ನಾವು ಬೇಡವೆನ್ನಲಿಲ್ಲ. ಆದರೆ ಔಷಧಿ ಕೊಡುವ ಮೊದಲು ಕಾಯಿಲೆ ಯಾರದೆಂದು ನೋಡಬೇಕಷ್ಟೆ. ಕೊರತೆ ಇರುವುದು ಆಳಿನ ಮನಸ್ಸಿನಲ್ಲೋ, ಧಣಿಯ ಲೆಕ್ಕದ ಪುಸ್ತಕದಲ್ಲೋ? ಇದನ್ನು ತಿಳಿಯಬೇಕಾದರೆ ನಮ್ಮ ಹಿರಿಯರು ದುಡಿದವನನ್ನು ಹೇಗೆ ಕಂಡರು, ಯಾವ ಕಾಲದಲ್ಲಿ ಏನು ಕೊಟ್ಟರು, ಏನು ಕೊಡದೆ ಉಳಿಸಿಕೊಂಡರು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರಬೇಕಾಗುತ್ತದೆ. ಈ ಸಭೆಯಲ್ಲಿ ಧಣಿಗಳೂ ಕುಳಿತಿದ್ದೀರಿ, ದುಡಿಯುವವರೂ ಕುಳಿತಿದ್ದೀರಿ. ಒಂದೇ ಮಾತನ್ನು ಇಬ್ಬರೂ ಕೇಳಲಿ ಎಂಬುದೇ ನಮ್ಮ ಅಪೇಕ್ಷೆ.

ಕನ್ನಡ ನಾಡಿನಲ್ಲಿ ಒಡೆಯನು ಸೇವಕನನ್ನು ಮೆಚ್ಚಿ ಕೊಟ್ಟದ್ದಕ್ಕೆ ಬಹಳ ಸೊಗಸಾದ ಒಂದು ದಾಖಲೆ ಇದೆ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲು ಅದು, ಕಾಲ ಕ್ರಿ.ಶ. ೯೪೯-೫೦. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಹೋದವರು ಮಕ್ಕಳಿಗೆ ಅದನ್ನು ತೋರಿಸಿಕೊಂಡು ಬನ್ನಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಭಾವಮೈದುನನಾದ ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದನು. ಚಕ್ರವರ್ತಿ ಮೆಚ್ಚಿ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ದೊಡ್ಡವರು ದೊಡ್ಡವರಿಗೆ ಕೊಟ್ಟುಕೊಂಡದ್ದಾಯಿತು. ಕಥೆಯ ಸೊಗಸು ಮುಂದಿದೆ.

ಅದೇ ಯುದ್ಧದಲ್ಲಿ ಬೂತುಗನ ಕೆಳಗೆ ಹೋರಾಡಿದ ಮಣಲೆರ ಎಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಬೂತುಗನು ಮೆಚ್ಚಿ, ನಿನಗೆ ಬೇಕಾದುದನ್ನು ಕೇಳು ಎಂದನು. ಮಣಲೆರ ಚಿನ್ನ ಕೇಳಲಿಲ್ಲ, ಕುದುರೆ ಕೇಳಲಿಲ್ಲ. ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು ಕೇಳಿದನು! ಒಡೆಯನು ನಗಲಿಲ್ಲ, ಕೊಟ್ಟನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷವಾದರೂ ನಾಯಿಯ ಹೆಸರು ಉಳಿದಿದೆ. ಚಕ್ರವರ್ತಿ ಕೊಟ್ಟ ನಾಡುಗಳ ಎಲ್ಲೆ ಎಲ್ಲೆಲ್ಲಿತ್ತು ಎಂದು ಪಂಡಿತರು ಹುಡುಕಬೇಕಾಗಿದೆ.

ಈ ಕಲ್ಲಿನಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಡೆಯನು ತನಗೆ ತೋಚಿದ್ದನ್ನು ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಏನು ಬೇಕು ಎಂದು ಕೇಳಿದನು. ದೀಪಾವಳಿಗೆ ಎಲ್ಲ ನೌಕರರಿಗೂ ಒಂದೇ ಅಳತೆಯ ಸ್ಟೀಲಿನ ಡಬ್ಬಿ ಹಂಚುವ ಧಣಿಗಳು ಇದನ್ನು ಯೋಚಿಸಬೇಕು. ಒಬ್ಬನಿಗೆ ಮಗಳ ಕಾಲೇಜಿನ ಶುಲ್ಕ ಕಟ್ಟಲು ಮುಂಗಡ ಬೇಕಾಗಿರುತ್ತದೆ. ಮತ್ತೊಬ್ಬನಿಗೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಎರಡು ದಿನ ರಜೆ ಬೇಕಾಗಿರುತ್ತದೆ. ಡಬ್ಬಿ ಅವರ ಮನೆಯಲ್ಲಿ ಆಗಲೇ ನಾಲ್ಕಿರುತ್ತವೆ. ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ನಾಯಿ ಕೊಟ್ಟಾಯಿತಲ್ಲ ಎಂದು ಬೂತುಗನು ಸುಮ್ಮನಾಗಲಿಲ್ಲ. ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದುದರ ಗೌರವಕ್ಕೆ ಕೊಡುವ ಭೂಮಿಯಾಗಿ, ಅವನಿಗೆ ಕೊಟ್ಟನು. ಪ್ರೀತಿಯ ಕಾಣಿಕೆ ಬೇರೆ, ಸಲ್ಲಬೇಕಾದ ಭೂಮಿ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲಿಲ್ಲ.

ನಮ್ಮ ಶಾಸನಗಳಲ್ಲಿ 'ಕೊಡಗೆ' ಎಂಬ ಮಾತು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿದವನಿಗೆ, ಕೆರೆಯನ್ನು ನೋಡಿಕೊಳ್ಳುವವನಿಗೆ ಬಿಟ್ಟದ್ದು ಕೆರೆಗೊಡಗೆ. ನಮ್ಮ ಪಕ್ಕದಲ್ಲೇ ಚನ್ನಗಿರಿ ಸೀಮೆಯ ಸೂಳೆಕೆರೆ ಇದೆ. ಈಗ ಶಾಂತಿಸಾಗರ ಎನ್ನುತ್ತಾರೆ. ಕೆರೆ ಎಂದರೆ ಎಷ್ಟು ಜನರ ಬೆವರು ಎಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ಕೆರೆಗೊಡಗೆಯಲ್ಲಿ ಒಂದು ಜಾಣತನವಿತ್ತು. ಕೆರೆಯ ಕೆಳಗಿನ ಭೂಮಿಯನ್ನೇ ಅವನಿಗೆ ಕೊಟ್ಟರೆ, ಕೆರೆ ಚೆನ್ನಾಗಿದ್ದರೆ ಅವನ ಗದ್ದೆಯೂ ಚೆನ್ನಾಗಿರುತ್ತದೆ. ಅವನ ಮೇಲೆ ಕಾವಲುಗಾರನನ್ನು ಇಡಬೇಕಾದ ಕೆಲಸವೇ ಇಲ್ಲ.

ಇನ್ನು ನಮ್ಮ ಶರಣರ ಕಾಲಕ್ಕೆ ಬರೋಣ. ಕಲ್ಯಾಣದ ಮಹಾಮನೆಯ ವಿಚಾರ ಹೇಳುವಾಗ ಒಂದು ಮಾತನ್ನು ನಾವು ಮರೆಯುತ್ತೇವೆ. ಬಸವಣ್ಣನವರು ಸಂಬಳಕ್ಕಿದ್ದವರು. ಅವರು ಕರಣಿಕರಾಗಿ ಲೆಕ್ಕ ಬರೆದರು, ಆಮೇಲೆ ಬಿಜ್ಜಳನ ಭಂಡಾರಿಗಳಾದರು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಚಾಡಿ ಹೇಳಿದವರಿದ್ದರು. ದೊರೆ ಬಂದು ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿತ್ತು ಎಂದು ಪುರಾಣಗಳು ಹೇಳುತ್ತವೆ. ಹಾಗಾಗಿ ನೌಕರನ ಮೇಲೆ ಸಂಶಯ ಬೀಳುವುದು ಎಂದರೇನು, ಚಾವಿ ಹಿಡಿದವನ ಕಷ್ಟವೇನು ಎಂಬುದು ಅವರಿಗೆ ಕೇಳಿ ತಿಳಿದದ್ದಲ್ಲ. ಅವರ ಸುತ್ತ ನೆರೆದವರು ಯಾರು? ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ನೂಲುವ ಕದಿರ ರೆಮ್ಮವ್ವೆ. ಹತ್ತಿಗೂ ನೂಲಿಗೂ ಹೆಸರಾದ ದಾವಣಗೆರೆಯವರು ಆ ತಾಯಿಯ ಹೆಸರನ್ನಾದರೂ ನೆನಪಿಟ್ಟುಕೊಳ್ಳಬೇಕು.

ಶರಣರ ಕಥೆಗಳಲ್ಲಿ ಕೂಲಿಯ ಪ್ರಶ್ನೆ ಮೂರು ಕಡೆ ನೇರವಾಗಿ ಬರುತ್ತದೆ. ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚು ಬಂತು. ಲಕ್ಕಮ್ಮನವರು ಗಂಡನನ್ನು ತಡೆದು, ದಿನದ ಅಳತೆಗೆ ಮೀರಿದ್ದು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದರು. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದು ಮಾರುವವರು. ಅವರ ಹಗ್ಗಕ್ಕೆ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನು ಬಂದಾಗ ಅವರು ಒಪ್ಪಲಿಲ್ಲ. ಹಗ್ಗದ ಬೆಲೆ ಎಷ್ಟೋ ಅಷ್ಟೇ ತಮ್ಮದು ಎಂದರು. ಮೋಳಿಗೆಯ ಮಾರಯ್ಯನವರ ಮನೆಯಲ್ಲಿ ಬಸವಣ್ಣನವರು ಗುಟ್ಟಾಗಿ ಹೊನ್ನು ಇಟ್ಟು ಬಂದರು. ಸೌದೆ ಹೊರುವ ಮಾರಯ್ಯನವರು ಅದನ್ನು ತಮ್ಮದೆಂದು ಮುಟ್ಟಲಿಲ್ಲ.

ಈ ಮೂರು ಕಥೆಗಳನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇವೆ, ಹೇಳಿದ್ದೇವೆ. ಆದರೆ ಇತ್ತೀಚೆಗೆ ಇವು ಒಂದು ಅಡ್ಡದಾರಿ ಹಿಡಿದಿರುವುದನ್ನು ಕಾಣುತ್ತೇವೆ. ಆಳು ಬಂದು, "ಯಜಮಾನರೇ, ಅಕ್ಕಿ ಬೇಳೆಯ ಬೆಲೆ ಏರಿದೆ, ಎರಡು ಕಾಸು ಹೆಚ್ಚಿಸಿ" ಎಂದರೆ ಗೋಡೆಯ ಮೇಲಿನ ಬಸವಣ್ಣನವರ ಪಟ ತೋರಿಸಿ, "ಕಾಯಕವೆಂದರೆ ಪೂಜೆಯಪ್ಪ, ಆಸೆ ಪಡಬಾರದು, ಲಕ್ಕಮ್ಮನನ್ನು ನೋಡಿ ಕಲಿ" ಎನ್ನುವವರು ಹುಟ್ಟಿಕೊಂಡಿದ್ದಾರೆ. ಅಂಥವರಿಗೆ ನಾವು ಕೇಳುವುದು ಇಷ್ಟೇ: ಆ ಮೂರು ಕಥೆಗಳಲ್ಲಿ ನೀವು ಯಾರು? ಮಾರಯ್ಯನೇ, ಚಂದಯ್ಯನೇ? ಅಲ್ಲ. ನೀವು ಕೊಡುವ ಕಡೆ ನಿಂತವರು. ಕೊಡುವ ಕಡೆ ನಿಂತವರು ಆ ಕಥೆಗಳಲ್ಲಿ ಏನು ಮಾಡಿದರು? ಅಂಗಳದಲ್ಲಿ ಹೆಚ್ಚು ಚೆಲ್ಲಿದರು, ಹಗ್ಗಕ್ಕೆ ಹೆಚ್ಚು ಕೊಟ್ಟರು, ರಾತ್ರಿಯಲ್ಲಿ ಹೊನ್ನು ಇಟ್ಟು ಬಂದರು. ಬೇಡವೆಂದದ್ದು ದುಡಿದವನು. ಹೆಚ್ಚು ಬೇಡ ಎನ್ನುವ ಅಧಿಕಾರ ಬೆವರು ಸುರಿಸಿದವನದು, ಅವನೊಬ್ಬನದು. ಅವನ ಬಾಯಿಂದ ಬರಬೇಕಾದ ಮಾತನ್ನು ಧಣಿ ಆಡಿದರೆ ಅದು ವೈರಾಗ್ಯವಲ್ಲ, ಉಳಿತಾಯ! ಮತ್ತೊಂದು ಮಾತು. ಲಕ್ಕಮ್ಮನವರು ತಿರುಗಿ ಕೊಟ್ಟದ್ದು ಅಳತೆಗೆ ಮೀರಿದ್ದನ್ನು; ಅಳತೆಯ ಅಕ್ಕಿಯನ್ನಲ್ಲ. ಅಳತೆಯ ಅಕ್ಕಿ ಅವರ ಮನೆಗೆ ದಿನವೂ ಹೋಗಿಯೇ ಹೋಯಿತು, ಆ ಅಕ್ಕಿಯಿಂದಲೇ ಅವರ ದಾಸೋಹವೂ ನಡೆಯಿತು. ಕೂಲಿ ಇಲ್ಲದ ಕಾಯಕವನ್ನು ಶರಣರು ಯಾರಿಗೂ ವಿಧಿಸಲಿಲ್ಲ. ದಾಸೋಹ ಮಾಡಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಲ್ಲವೇ?

ಶರಣರ ಕಾಲದಿಂದ ಗಿರಣಿಯ ಕಾಲದವರೆಗೆ ನಮ್ಮ ಹಳ್ಳಿಗಳಲ್ಲಿ ನಡೆದದ್ದು ಆಯದ ಪದ್ಧತಿ. ಬಡಗಿ, ಕಮ್ಮಾರ, ಮಡಿವಾಳ, ತಳವಾರ ಮೊದಲಾದ ಆಯಗಾರರು ವರ್ಷವೆಲ್ಲ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲು ಪಡೆಯುತ್ತಿದ್ದರು. ರಾಶಿ ದೊಡ್ಡದಾದರೆ ಅವರ ಪಾಲೂ ದೊಡ್ಡದು. ಸಂಬಳದಾಳನ್ನು ಯುಗಾದಿಯಿಂದ ಯುಗಾದಿಗೆ ಇಟ್ಟುಕೊಳ್ಳುತ್ತಿದ್ದರು. ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಕೆರ, ಹಬ್ಬಕ್ಕೆ ಹೋಳಿಗೆ ಊಟ. ಹಿರಿಯರು ಇದನ್ನು ನೆನೆದು, ಆಗ ಆಳು ಮನೆಯ ಮಗನ ಹಾಗಿದ್ದ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಹಾಗೆ ಇದ್ದದ್ದೂ ನಿಜ. ಆದರೆ ಅದೇ ಆಳು ತಂದೆಯ ಸಾಲಕ್ಕೆ ದುಡಿದು, ತನ್ನ ಸಾಲವನ್ನು ಮಗನಿಗೆ ಬಿಟ್ಟು ಹೋಗುತ್ತಿದ್ದನು. ಜೀತ ಎಂದರೆ ಅದೇ. ಮನೆಯ ಮಗನಿಗೆ ಆಸ್ತಿಯಲ್ಲಿ ಪಾಲಿತ್ತು. ಮನೆಯ ಮಗನ ಹಾಗಿದ್ದವನಿಗೆ ಸಾಲದಲ್ಲಿ ಮಾತ್ರ ಪಾಲು. ಜೀತವನ್ನು ತೊಡೆದುಹಾಕುವ ಕಾಯಿದೆ ೧೯೭೬ರಲ್ಲಿ ಬಂತು. ಪ್ರೀತಿಯ ಮಾತು ಇದ್ದಲ್ಲೆಲ್ಲ ನ್ಯಾಯವೂ ಇತ್ತು ಎಂದು ತಿಳಿಯಬಾರದು ಎಂಬುದಕ್ಕೆ ಇದನ್ನು ಹೇಳಿದೆವು.

ದಾವಣಗೆರೆಯ ಮಾತಿಗೆ ಬರೋಣ. ಹೈದರಾಲಿಯ ಕಾಲದಲ್ಲಿ ಅಪ್ಪೋಜಿ ರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಬಂದ ಈ ಊರು, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದ ಪೇಟೆಯಾಗಿ ಬೆಳೆಯಿತು. ಸುತ್ತಲೂ ಎರೆಭೂಮಿ, ಎರೆಯಲ್ಲಿ ಹತ್ತಿ. ೧೯೩೦ರ ದಶಕದಿಂದ ಇಲ್ಲಿ ನೂಲುವ ನೇಯುವ ಗಿರಣಿಗಳು ಒಂದೊಂದಾಗಿ ಎದ್ದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಾಯಿತು. ಹಳ್ಳಿಯಲ್ಲಿ ಹೊತ್ತು ನೋಡಿ ಕೆಲಸ ಮಾಡುತ್ತಿದ್ದವನು ಗಿರಣಿಯ ಕೂಗು ಕೇಳಿ ಪಾಳಿಗೆ ಓಡುವ ಹಾಗಾಯಿತು. ಕಣದಲ್ಲಿ ರಾಶಿ ಅವನ ಕಣ್ಣೆದುರಿಗೇ ಇರುತ್ತಿತ್ತು. ಗಿರಣಿಯಲ್ಲಿ ಲಾಭವೆಷ್ಟು ಬಂತೆಂಬುದು ಅವನಿಗೆ ಕಾಣುವುದಿಲ್ಲ. ಕೂಲಿಯ ಜಗಳವೆಲ್ಲ ಹುಟ್ಟಿದ್ದು ಇಲ್ಲಿಂದಲೇ ಎಂದು ನಮಗೆ ತೋರುತ್ತದೆ.

ಗಿರಣಿಯವನನ್ನು ಹುರುಪಿನಿಂದ ದುಡಿಸುವ ಬಗೆಯನ್ನು ಗಿರಣಿಗಳ ತವರಾದ ಬ್ರಿಟನ್ನಿನಲ್ಲೇ ಮೊದಲು ಹುಡುಕಿದರು. ೧೮೦೦ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬಲ್ಲಿನ ಹತ್ತಿ ಗಿರಣಿಗಳ ಆಡಳಿತವನ್ನು ರಾಬರ್ಟ್ ಓವೆನ್ ಎಂಬಾತ ವಹಿಸಿಕೊಂಡನು. ಹೊಡೆತ ಬೈಗುಳಗಳ ಬದಲು ಅವನು ಪ್ರತಿಯೊಬ್ಬ ಕೆಲಸಗಾರನ ಮುಂದೆ ನಾಲ್ಕು ಮುಖದ ಒಂದು ಮರದ ತುಂಡನ್ನು ನೇತುಹಾಕಿಸಿದನು. ಹಿಂದಿನ ದಿನ ಕೆಲಸ ಕೆಟ್ಟಿದ್ದರೆ ಕಪ್ಪು ಮುಖ ಎದುರಿಗೆ, ಅಷ್ಟಕ್ಕಷ್ಟೇ ಇದ್ದರೆ ನೀಲಿ, ಒಳ್ಳೆಯದಾದರೆ ಹಳದಿ, ಬಹಳ ಒಳ್ಳೆಯದಾದರೆ ಬಿಳಿ. ಇಂದು ಕಂಪನಿಗಳಲ್ಲಿ ತಿಂಗಳ ಉತ್ತಮ ನೌಕರ ಎಂದು ಗೋಡೆಗೆ ಭಾವಚಿತ್ರ ಹಾಕುತ್ತಾರಲ್ಲ, ಅದು ಇದರ ಮೊಮ್ಮಗ. ಆದರೆ ಕೆಲಸಗಾರರು ಓವೆನ್ನನನ್ನು ನಂಬಿದ್ದು ಆ ಬಣ್ಣದ ತುಂಡಿನಿಂದಲ್ಲ. ಅಮೆರಿಕವು ತನ್ನ ಬಂದರುಗಳಿಂದ ಸರಕು ಹೊರಡದಂತೆ ತಡೆದಾಗ ಹತ್ತಿ ಸಿಕ್ಕದೆ ಗಿರಣಿ ನಿಂತಿತು. ನಾಲ್ಕು ತಿಂಗಳ ಕಾಲ ಯಂತ್ರಗಳನ್ನು ಒರೆಸಿಟ್ಟುಕೊಳ್ಳುವುದರ ಹೊರತು ಬೇರೆ ಕೆಲಸವಿಲ್ಲ. ಅಷ್ಟೂ ದಿನಕ್ಕೆ ಅವನು ಪೂರ್ತಿ ಕೂಲಿ ಕೊಟ್ಟನು; ಏಳು ಸಾವಿರ ಪೌಂಡಿಗಿಂತ ಹೆಚ್ಚು ಖರ್ಚಾಯಿತು. ಅಲ್ಲಿಂದ ಮುಂದೆ ಜನ ತನ್ನ ಮಾತು ಕೇಳಿದರೆಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ೨೦೨೦ರ ಲಾಕ್‌ಡೌನಿನ ದಿನಗಳನ್ನು ನೆನೆದುಕೊಳ್ಳಿ. ಸಂಬಳ ಕಡಿಯಬಾರದೆಂದು ಕೇಂದ್ರ ಸರ್ಕಾರ ಮಾರ್ಚಿ ೨೯ರಂದು ಹೊರಡಿಸಿದ ಆದೇಶ ಮೇ ತಿಂಗಳಲ್ಲಿ ಬಿದ್ದುಹೋಯಿತು. ಆ ಎರಡು ತಿಂಗಳು ಆಳಿನ ಮನೆಗೆ ಅಕ್ಕಿ ಕಳುಹಿಸಿದ ಧಣಿ ಯಾರು, ಫೋನು ಎತ್ತದೆ ಇದ್ದವನು ಯಾರು ಎಂಬ ಪಟ್ಟಿ ಈ ಸಭೆಯಲ್ಲಿ ಕುಳಿತ ಎಷ್ಟೋ ಜನರ ಮನಸ್ಸಿನಲ್ಲಿ ಇದೆ. ಅದನ್ನು ಯಾರೂ ಗೋಡೆಗೆ ನೇತುಹಾಕಿಲ್ಲ ಅಷ್ಟೆ.

ಈಗ ಬೋನಸ್ ಎಂಬ ಮಾತಿನ ಚರಿತ್ರೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಬೋನಸ್ ಕೊಡುವವರು ಅದನ್ನು ದಾನವೆಂದು ತಿಳಿದಿದ್ದಾರೆ, ಪಡೆಯುವವರು ಹಬ್ಬದ ಖರ್ಚೆಂದು ತಿಳಿದಿದ್ದಾರೆ. ಅದು ಎಲ್ಲಿಂದ ಬಂತೆಂಬುದು ಇಬ್ಬರಿಗೂ ತಿಳಿದಿರಬೇಕು.

೧೯೧೭ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂತು. ನಮ್ಮ ಭಾಗದಲ್ಲೂ ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಅಹಮದಾಬಾದಿನ ಗಿರಣಿಯವರೂ ಹಾಗೆಯೇ ಊರು ಬಿಡಲು ಹೊರಟರು. ಗಿರಣಿ ನಿಲ್ಲಬಾರದೆಂದು ಮಾಲೀಕರು ಪ್ಲೇಗ್ ಬೋನಸ್ ಎಂದು ಕೊಡತೊಡಗಿದರು. ಕೆಲವರಿಗೆ ಕೂಲಿಯ ನೂರಕ್ಕೆ ಎಪ್ಪತ್ತು ಎಂಬತ್ತರಷ್ಟು ಹೆಚ್ಚು ಬಂತು. ಜನ ಸಾವಿನ ಬಾಯಲ್ಲಿ ನಿಂತು ಮಗ್ಗ ನಡೆಸಿದರು. ೧೯೧೮ರ ಆರಂಭದಲ್ಲಿ ಪ್ಲೇಗು ಇಳಿಯಿತು. ಮಾಲೀಕರು ಬೋನಸ್ ನಿಲ್ಲಿಸಿದರು. ಅವರ ತರ್ಕ ಸರಳ: ಭಯಕ್ಕೆ ಕೊಟ್ಟದ್ದು, ಭಯ ಹೋಯಿತು, ಹಣವೂ ಹೋಯಿತು. ಆದರೆ ಯುದ್ಧದ ಕಾಲ. ಧಾನ್ಯ ಬಟ್ಟೆಗಳ ಬೆಲೆ ಏರಿ ಕುಳಿತಿತ್ತು. ನೇಕಾರರು ಬೋನಸ್ಸಿನ ಬದಲು ಕೂಲಿಯಲ್ಲೇ ಹೆಚ್ಚಳ ಕೇಳಿದರು. ಮಾಲೀಕರು ನೂರಕ್ಕೆ ೨೦ ಎಂದರು. ಗಾಂಧೀಜಿಯವರು ಲೆಕ್ಕ ಹಾಕಿ ನೋಡಿ, ೩೫ ನ್ಯಾಯವಾದುದು, ಅದಕ್ಕಿಂತ ಹೆಚ್ಚು ಕೇಳಬೇಡಿ, ಕಡಿಮೆಗೆ ಒಪ್ಪಬೇಡಿ ಎಂದು ಹೇಳಿದರು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಬೆನ್. ಮನೆಯೊಳಗೇ ಎರಡು ಪಕ್ಷ! ಗಿರಣಿಗಳಿಗೆ ಬೀಗ ಬಿತ್ತು. ಹಸಿವಿನಿಂದ ಕಾರ್ಮಿಕರ ಧೈರ್ಯ ಕುಂದತೊಡಗಿದಾಗ ಗಾಂಧೀಜಿಯವರು ಮಾರ್ಚಿ ೧೫ರಂದು ಉಪವಾಸ ಕುಳಿತರು. ಮೂರು ದಿನದಲ್ಲಿ ರಾಜಿಯಾಯಿತು. ಆ ರಾಜಿಯ ಬಗೆ ನೋಡಿ: ಮೊದಲ ದಿನ ೩೫, ಕಾರ್ಮಿಕರ ಪ್ರತಿಜ್ಞೆ ಉಳಿಯಿತು, ಎರಡನೆಯ ದಿನ ೨೦, ಮಾಲೀಕರ ಪ್ರತಿಜ್ಞೆ ಉಳಿಯಿತು, ಆಮೇಲೆ ಪಂಚರ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. ಪಂಚರಾದ ಆನಂದಶಂಕರ ಧ್ರುವರು ಕೊನೆಗೆ ೩೫ ಎಂದೇ ತೀರ್ಪಿತ್ತರು.

ಮುಂಬಯಿಯಲ್ಲಿ ಹೀಗಾಗಲಿಲ್ಲ. ಯುದ್ಧದಲ್ಲಿ ಬಟ್ಟೆಗೆ ಬಂದ ಲಾಭವನ್ನು ನೋಡಿ ಅಲ್ಲಿನ ಗಿರಣಿಗಳು ೧೯೧೭ರಿಂದ ಬೋನಸ್ ಕೊಟ್ಟುಕೊಂಡು ಬಂದಿದ್ದವು. ಲಾಭ ಇಳಿದಾಗ ನಿಲ್ಲಿಸಿದವು. ೧೯೨೪ರಲ್ಲಿ ಸುಮಾರು ಒಂದೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ನ್ಯಾಯಮೂರ್ತಿ ನಾರ್ಮನ್ ಮೆಕ್ಲಿಯಾಡ್ ಅವರ ಸಮಿತಿ ವಿಚಾರಿಸಿ, ಬೋನಸ್ಸಿನ ಮೇಲೆ ಕಾರ್ಮಿಕರಿಗೆ ಹಕ್ಕಿಲ್ಲ ಎಂದಿತು. ವರ್ಷಗಟ್ಟಲೆ ಕೈಯೆತ್ತಿ ಕೊಟ್ಟದ್ದು ಒಂದೇ ದಿನದಲ್ಲಿ ಹೋಯಿತು. ಕೊಟ್ಟಾಗ ಕೈಮುಗಿದವನೇ ಕೊಡದಾಗ ಕಲ್ಲು ಹಿಡಿಯುತ್ತಾನೆ ಎಂದು ಧಣಿಗಳು ಬೈಯುವುದುಂಟು. ಇಂದು ಉಂಟು ನಾಳೆ ಇಲ್ಲ ಎಂಬ ಹಣವನ್ನು ನಂಬಿ ಸಂಸಾರ ನಡೆಸಿದವನ ಕಷ್ಟವನ್ನೂ ಅವರು ನೋಡಬೇಕು.

ಸ್ವಾತಂತ್ರ್ಯ ಬಂದ ಮೇಲೆ ೧೯೬೧ರಲ್ಲಿ ಎಂ. ಆರ್. ಮೆಹೆರ್ ಅವರ ಅಧ್ಯಕ್ಷತೆಯಲ್ಲಿ ಬೋನಸ್ ಆಯೋಗ ಕೂತಿತು. ೧೯೬೫ರಲ್ಲಿ ಕಾಯಿದೆ ಬಂತು. ಮೊದಲು ಕನಿಷ್ಠ ನೂರಕ್ಕೆ ನಾಲ್ಕು ಎಂದಿದ್ದದ್ದು ೧೯೭೨ರಲ್ಲಿ ೮.೩೩ ಆಯಿತು. ಗರಿಷ್ಠ ೨೦. ಈ ೮.೩೩ ಎಂಬ ವಿಚಿತ್ರ ಅಂಕಿ ಏನೆಂದು ಎಷ್ಟೋ ಜನ ಕೇಳುತ್ತಾರೆ. ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಹನ್ನೆರಡು ತಿಂಗಳು ದುಡಿದವನಿಗೆ ಒಂದು ತಿಂಗಳಿನಷ್ಟು; ಅಷ್ಟೇ ಅದರ ಅರ್ಥ. ಕಾರ್ಮಿಕರು ಬಹಳ ಕಾಲದಿಂದ ವಾದಿಸುತ್ತಿದ್ದದ್ದೂ ಅದೇ: ಇದು ಕಾಣಿಕೆಯಲ್ಲ, ಮುಂದಕ್ಕೆ ಹಾಕಿದ ಕೂಲಿ. ಆ ಕಾಯಿದೆಯನ್ನು ಈಗ ೨೦೧೯ರ ವೇತನ ಸಂಹಿತೆಯೊಳಗೆ ಸೇರಿಸಿದ್ದಾರೆ, ೮.೩೩ ಅಲ್ಲಿಯೂ ಉಳಿದಿದೆ. ಆದ್ದರಿಂದ ಕಾಯಿದೆಗೆ ಒಳಪಟ್ಟ ಧಣಿಯು ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಬೋನಸ್ಸಿನ ಲಕೋಟೆಯನ್ನು ದಾನ ಮಾಡಿದ ಹಾಗೆ ಫೋಟೋ ತೆಗೆಸಿಕೊಳ್ಳುವುದು ಸರಿಯಲ್ಲ. ಸಾಲ ತೀರಿಸಿದವನು ಫೋಟೋ ತೆಗೆಸಿಕೊಳ್ಳುತ್ತಾನೆಯೇ?

ದಾವಣಗೆರೆಯ ಗಿರಣಿ ಕಾರ್ಮಿಕರೂ ಇಂಥ ಹೋರಾಟಗಳಿಂದಲೇ ಬೆಳೆದರು. ಕೆಂಬಾವುಟದ ಕೆಳಗೆ ದೊಡ್ಡ ಸಂಘಟನೆಯಾಯಿತು; ಕಾರ್ಮಿಕ ಮುಂದಾಳು ಪಂಪಾಪತಿಯವರನ್ನು ಈ ಊರು ವಿಧಾನಸಭೆಗೂ ಕಳುಹಿಸಿತು. ಬಹುಮಂದಿ ವರ್ತಕರೂ ಲಿಂಗವಂತರೂ ಇರುವ ಊರು ಕಮ್ಯುನಿಸ್ಟರನ್ನು ಆರಿಸಿತೆಂದು ಹೊರಗಿನವರಿಗೆ ಆಶ್ಚರ್ಯ. ಕಾಯಕ ಮಾಡುವವನ ಮಾತು ಎಲ್ಲಿ ಕೇಳಿಸುತ್ತದೆಯೋ ಜನ ಅಲ್ಲಿಗೆ ಹೋಗುತ್ತಾರೆ;

ಮಠಗಳೂ ಇದನ್ನು ಗಮನಿಸಬೇಕು. ಮುಂದೆ ಗಿರಣಿಗಳು ಒಂದೊಂದಾಗಿ ನಿಂತವು. ಹಳೆಯ ಯಂತ್ರಗಳು, ವಿದ್ಯುತ್ ಮಗ್ಗದ ಪೈಪೋಟಿ, ಸಾಲ. ಭದ್ರಾ ನಾಲೆಯ ನೀರು ಬಂದ ಕಡೆ ಹತ್ತಿ ಹೋಗಿ ಭತ್ತ ಬಂದಿತ್ತು. ಕೂಲಿಯ ಜಗಳ ಮಾಡಿದವರಿಂದಲೇ ಗಿರಣಿ ಮುಚ್ಚಿತೆಂದು ಹೇಳುವವರಿದ್ದಾರೆ. ಜಗಳವಿಲ್ಲದ ಊರುಗಳಲ್ಲೂ ಗಿರಣಿ ಮುಚ್ಚಿದವು ಎಂಬುದನ್ನು ಅವರು ಹೇಳುವುದಿಲ್ಲ.

ಹರಿಹರದ ಕಥೆ ಬೇರೆ ಬಗೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, ಔಂಧ್ ಸಂಸ್ಥಾನದ ದೊರೆ ಕೊಟ್ಟ ಬರಡು ನೆಲದಲ್ಲಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಮೊದಲು ನೇಗಿಲನ್ನು ಮುಟ್ಟಲೇ ಇಲ್ಲ, ಅದಿರಲಿ. ಜೈಲಿನಿಂದ ಬಂದವರನ್ನು ಅವರು ರಾತ್ರಿ ಕಾವಲಿಗೆ ನೇಮಿಸಿಕೊಂಡರು. ಕಳ್ಳನೆಂದು ಹೆಸರಾದವನ ಕೈಗೆ ಕಾವಲು! ನಾವು ಇದನ್ನು ಬಹಳ ದೊಡ್ಡ ಕೊಡಗೆ ಎಂದು ಎಣಿಸುತ್ತೇವೆ. ಹಣ ಯಾರಾದರೂ ಕೊಡಬಹುದು, ನಂಬಿಕೆ ಕೊಡುವವರು ಕಡಿಮೆ. ಅದೇ ಮನೆತನದ ಉದ್ಯಮವಾಗಿ ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು; ಇಲ್ಲಿ ಮಾಡಿದ ಲೇತು ಯಂತ್ರಗಳು ದೇಶದ ಮೂಲೆ ಮೂಲೆಗೆ ಹೋದವು. ಕಬ್ಬಿಣವನ್ನು ಕೂದಲೆಳೆಯ ಅಳತೆಗೆ ಕಡೆಯುವುದನ್ನು ತುಂಗಭದ್ರೆಯ ದಂಡೆಯ ರೈತರ ಮಕ್ಕಳು ಕಲಿತರು. ಅರ್ಧ ಶತಮಾನಕ್ಕೂ ಮಿಕ್ಕಿ ನಡೆದ ಕಾರ್ಖಾನೆ ಹೊಸ ಶತಮಾನದ ಆರಂಭದ ಹೊತ್ತಿಗೆ ನಿಂತಿತು.

ಕಾರ್ಖಾನೆ ನಿಂತಾಗ ಕೂಲಿಯ ನಿಜವಾದ ಪರೀಕ್ಷೆ. ಉಳಿದ ಆಸ್ತಿ ಮಾರಿದ ಹಣದಲ್ಲಿ ಮೊದಲ ಪಾಲು ಯಾರಿಗೆ? ಬಹಳ ಕಾಲ ಅಡವು ಇಟ್ಟುಕೊಂಡ ಬ್ಯಾಂಕು ಮುಂದೆ, ಕಾರ್ಮಿಕ ಹಿಂದೆ. ೧೯೮೫ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ತಂದು ಕಾರ್ಮಿಕರ ಬಾಕಿಯನ್ನು ಅಡವಿನ ಸಾಲಗಾರರ ಸಾಲಿಗೆ ಸರಿಸಮಾನವಾಗಿ ನಿಲ್ಲಿಸಿದರು. ೨೦೧೬ರ ದಿವಾಳಿ ಸಂಹಿತೆಯಲ್ಲೂ ಹಿಂದಿನ ಇಪ್ಪತ್ತನಾಲ್ಕು ತಿಂಗಳ ಬಾಕಿಗೆ ಆ ಸ್ಥಾನವಿದೆ. ಬೆವರು ಕೂಡ ಅಡವು ಇಟ್ಟ ಒಡವೆಯೇ ಎಂದು ಕಾಯಿದೆ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಹೀಗಿರಲಾಗಿ, ಮಠಕ್ಕೆ ಬಂದು ಕೇಳಿದ ಭಕ್ತರಿಗೆ ನಮ್ಮ ಉತ್ತರವೇನು? ನಿಮ್ಮಲ್ಲಿ ಒಬ್ಬರನ್ನು ನಾವು ಕೇಳಿದೆವು: ನಿಮ್ಮ ಹಮಾಲರಿಗೆ ಚೀಲವೊಂದಕ್ಕೆ ಎಷ್ಟು ಕೊಡುತ್ತೀರಿ, ಅದನ್ನು ಕೊನೆಯ ಸಲ ಏರಿಸಿದ್ದು ಯಾವಾಗ? ಅವರು ಗುಮಾಸ್ತರ ಮುಖ ನೋಡಿದರು. ಸಂಬಳ ಗೊತ್ತಾದ ದಿನಕ್ಕೆ ಸಲ್ಲಲಿ. ಹೆಚ್ಚು ಹೊತ್ತು ದುಡಿಸಿದರೆ ಅದಕ್ಕೆ ಬೇರೆ ಲೆಕ್ಕ ಬರೆಯಲಿ. ಪುಸ್ತಕವನ್ನು ಆಳಿಗೂ ತೋರಿಸಲಿ. ಕಣದ ರಾಶಿಯ ಹಾಗೆ ಅದು ಅವನ ಕಣ್ಣೆದುರಿಗೆ ಇರಲಿ. ಇಷ್ಟಾದ ಮೇಲೆ ನೀವು ಹೊಗಳಿದರೆ ಅವನು ನಂಬುತ್ತಾನೆ. ಇಷ್ಟಾಗದೆ ಹೊಗಳಿದರೆ ಬೆಣ್ಣೆ ಹಚ್ಚಿದ ಹಾಗೆ. ದಾವಣಗೆರೆಯ ಬೆಣ್ಣೆ ದೋಸೆಗೇ ಇರಲಿ, ಆಳಿನ ಬೆನ್ನಿಗೆ ಬೇಡ!

ದುಡಿಯುವವರಿಗೂ ಒಂದು ಮಾತು ಹೇಳಬೇಕು. ಆದರೆ ಅದನ್ನು ನಾವು ಧಣಿಗಳ ಪರವಾಗಿ ಹೇಳುವುದಿಲ್ಲ. ಚಂದಯ್ಯನವರು ಹಗ್ಗಕ್ಕೆ ಹೆಚ್ಚು ಬೆಲೆ ಬೇಡವೆಂದದ್ದು ತಮ್ಮ ಹಗ್ಗದ ಬೆಲೆ ತಮಗೆ ಚೆನ್ನಾಗಿ ತಿಳಿದಿದ್ದರಿಂದ. ಹುರಿ ಸಡಿಲವಾಗಿ ಹೊಸೆದವನಿಗೆ ಆ ಧೈರ್ಯ ಬರುವುದಿಲ್ಲ. ನಿಮ್ಮ ಕೆಲಸದ ಬೆಲೆ ನಿಮಗೆ ತಿಳಿದಿರಲಿ. ಅದಕ್ಕಿಂತ ಒಂದು ಕಾಸು ಕಡಿಮೆಗೂ ಒಪ್ಪಬೇಡಿ.

ಕೊನೆಗೆ ಮಠದ ಮಾತು. ನಮ್ಮಲ್ಲಿ ದಾಸೋಹದ ಅಡುಗೆಯವರಿದ್ದಾರೆ, ಪಾತ್ರೆ ತೊಳೆಯುವ ತಾಯಂದಿರಿದ್ದಾರೆ, ವಾಹನ ನಡೆಸುವವರಿದ್ದಾರೆ, ವಿದ್ಯಾರ್ಥಿನಿಲಯದ ಕಾವಲುಗಾರರಿದ್ದಾರೆ. ಮಠದ ಕೆಲಸವಲ್ಲವೇ, ಸೇವೆಯೆಂದು ಮಾಡಲಿ ಎಂದು ಹೇಳುವ ಹಿತೈಷಿಗಳು ನಮಗೂ ಇದ್ದಾರೆ. ಸೇವೆ ಮಾಡಲು ಬರುವ ಭಕ್ತರು ಜಾತ್ರೆಯಲ್ಲಿ ಮೂರು ದಿನ ಬಂದು ಮಾಡಿ ಹೋಗುತ್ತಾರೆ. ಅವರಿಗೆ ನಾವು ಪ್ರಸಾದ ಕೊಡುತ್ತೇವೆ. ವರ್ಷವೆಲ್ಲ ಒಲೆಯ ಮುಂದೆ ನಿಂತವನಿಗೆ ಪ್ರಸಾದವೂ ಸಲ್ಲಬೇಕು, ಸಂಬಳವೂ ಸಲ್ಲಬೇಕು. ಮಠದ ಸಂಬಳದ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಪ್ರಸಾದ ಮುಗಿಸಿದ ಮೇಲೆ ನೋಡಬೇಕೆಂದವರು ಹೋಗಿ ನೋಡಬಹುದು. ನಾಳೆ ಅಂಗಡಿಗೆ ಹೋದಾಗ ನಿಮ್ಮ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ.